ಸವೆದ ಬ್ರೇಕ್ ಪ್ಯಾಡ್ ಬದಲಿಸುವುದು ಹೇಗೆ: ಮುಂಚಕ್ರದ ಡಿಸ್ಕ್ ಬ್ರೇಕ್ ಕೆಲಸಕ್ಕೊಂದು ಸಮಗ್ರ ಮಾರ್ಗದರ್ಶಿ

ಸ್ವಿಫ್ಟ್, ವ್ಯಾಗನ್‌ಆರ್, ಟಿಯಾಗೊ, ಗ್ರ್ಯಾಂಡ್ ಐ10 ಮುಂತಾಗಿ ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂಚಕ್ರಗಳದ್ದೇ ಆಗುತ್ತದೆ, ಹಾಗಾಗಿ ಮೊದಲು ಸವೆಯುವುದೂ ಮುಂದಿನ ಪ್ಯಾಡ್‌ಗಳೇ. ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ, ಅವಸರವಿಲ್ಲದ ಯಾರು ಬೇಕಾದರೂ ಮನೆಯಂಗಳದಲ್ಲಿ ಮಾಡಿಕೊಳ್ಳಬಹುದಾದ ಕೆಲಸ ಇದು. ಆದರೆ ಹಳೆಯ ಪ್ಯಾಡ್ ತೆಗೆದು ಹೊಸದನ್ನು ತೂರಿಸಿದರೆ ಮುಗಿಯಿತು ಎಂದುಕೊಂಡು ಅರ್ಧ ಗಂಟೆಯಲ್ಲಿ ಕೈ ತೊಳೆದುಕೊಳ್ಳುವವರು ಗ್ಯಾರೇಜುಗಳಲ್ಲಿಯೂ ಇದ್ದಾರೆ. ಪ್ಯಾಡ್ ಕೂರುವ ಜಾಗ ಶುಚಿಯಾಗಿರಬೇಕು, ಚಕ್ರದ ಜೊತೆ ತಿರುಗುವ ಡಿಸ್ಕಿನ ಎರಡೂ ಬದಿಗೆ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಸಲೀಸಾಗಿ ಜಾರಬೇಕು. ಇವೆರಡು ಆಗದಿದ್ದರೆ ಎಷ್ಟು ದುಬಾರಿ ಪ್ಯಾಡ್ ಹಾಕಿದರೂ ಅದು ಒಂದು ಬದಿಯಲ್ಲಿ ಸವೆದು, ಇನ್ನೊಂದು ಬದಿಯಲ್ಲಿ ಹೊಸದರಂತೆಯೇ ಉಳಿಯುತ್ತದೆ. ಈ ಬರಹದಲ್ಲಿ ಆ ಎರಡು ವಿಷಯಗಳಿಗೆ ವಿಶೇಷ ಒತ್ತಿದೆ.

ಸವೆತವನ್ನು ಗುರುತಿಸುವುದು

ಹೊಸ ಪ್ಯಾಡಿನಲ್ಲಿ ಉಕ್ಕಿನ ತಟ್ಟೆಯನ್ನು ಬಿಟ್ಟು ಘರ್ಷಣೆಯ ಪದರವೇ ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. ಅದು 3 ಮಿ.ಮೀ.ಗೆ ಇಳಿದಾಗ ಬದಲಿಸಬೇಕು. 2 ಮಿ.ಮೀ.ವರೆಗೂ ಓಡಿಸಬಹುದೆಂದು ಹೇಳುವವರಿದ್ದಾರೆ, ಆದರೆ ತೆಳುವಾದ ಪ್ಯಾಡು ಡಿಸ್ಕಿನ ಶಾಖವನ್ನು ತಡೆಹಿಡಿಯಲಾರದೆ ನೇರವಾಗಿ ಪ್ಯಾಡನ್ನು ಒತ್ತುವ ಪಿಸ್ಟನ್ನಿಗೂ, ಪೆಡಲಿನ ಒತ್ತಡವನ್ನು ಅದಕ್ಕೆ ತಲುಪಿಸುವ ಬ್ರೇಕ್ ಆಯಿಲ್‌ಗೂ ದಾಟಿಸುತ್ತದೆ. ಘಟ್ಟ ಇಳಿಯುವವರಿಗೆ ಆ ಒಂದು ಮಿಲಿಮೀಟರಿನ ಉಳಿತಾಯ ಖಂಡಿತ ಬೇಡ.

ಬ್ರೇಕ್ ಒತ್ತಿದಾಗ, ಕೆಲವೊಮ್ಮೆ ಒತ್ತದಿದ್ದಾಗಲೂ, ಚಕ್ರದ ಕಡೆಯಿಂದ ಕೀರಲು ಸದ್ದು ಬರುವುದು ಮೊದಲ ಸೂಚನೆ. ಹಲವು ಪ್ಯಾಡ್‌ಗಳಿಗೆ ಒಂದು ಸಣ್ಣ ಲೋಹದ ನಾಲಿಗೆಯನ್ನು ಜೋಡಿಸಿರುತ್ತಾರೆ; ಪದರ ಸವೆದು ತೆಳುವಾದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೂಗುತ್ತದೆ. ಈ ಕೂಗನ್ನು ಕಡೆಗಣಿಸಿದರೆ ಮುಂದೆ ಕರಕರ ಎಂದು ಅರೆಯುವ ಸದ್ದು ಬರುತ್ತದೆ, ಅಂದರೆ ಪದರ ಮುಗಿದು ಉಕ್ಕಿನ ತಟ್ಟೆಯೇ ಡಿಸ್ಕನ್ನು ಉಜ್ಜುತ್ತಿದೆ ಎಂದರ್ಥ. ಆ ಹಂತದಲ್ಲಿ ಪ್ಯಾಡಿನ ಜೊತೆ ಡಿಸ್ಕಿನ ಖರ್ಚೂ ತಲೆಯ ಮೇಲೆ ಬರುತ್ತದೆ.

ಸದ್ದಿಲ್ಲದ ಸೂಚನೆಯೂ ಒಂದಿದೆ. ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯನ್ನು ನೋಡಿದರೆ, ಎಲ್ಲಿಯೂ ಸೋರಿಕೆಯಿಲ್ಲದಿದ್ದರೂ ತಿಂಗಳುಗಳ ಅವಧಿಯಲ್ಲಿ ಮಟ್ಟ ನಿಧಾನವಾಗಿ ಕೆಳಗಿಳಿದಿರುತ್ತದೆ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಕ್ಕೆ ಬರುತ್ತದೆ, ಅದರ ಹಿಂದೆ ಖಾಲಿಯಾದ ಜಾಗವನ್ನು ಡಬ್ಬಿಯ ಆಯಿಲ್ ತುಂಬುತ್ತದೆ. ಹೀಗೆ ಇಳಿದ ಮಟ್ಟವನ್ನು ನೋಡಿದ ಕೂಡಲೇ ಹೊಸ ಆಯಿಲ್ ಸುರಿದು ಮೇಲಿನ ಗೆರೆಗೆ ತರುವುದು ತಪ್ಪು. ಪ್ಯಾಡ್ ಬದಲಿಸುವಾಗ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದರೆ ಆ ಆಯಿಲ್ ಅಷ್ಟೂ ಮೇಲೆ ಬಂದು ಚೆಲ್ಲುತ್ತದೆ. ಮಟ್ಟ ಕೆಳಗಿನ ಗೆರೆಗಿಂತಲೂ ಇಳಿದಿದ್ದರೆ, ಅಥವಾ ನಾಲ್ಕಾರು ದಿನದಲ್ಲೇ ಬೇಗ ಬೇಗ ಇಳಿಯುತ್ತಿದ್ದರೆ ಮಾತ್ರ ಅದು ಸೋರಿಕೆಯ ಲಕ್ಷಣ. ಆಗ ಕಾರನ್ನು ಓಡಿಸಬಾರದು.

ಕಾರು ಒಂದು ಬದಿಗೆ ಎಳೆಯುವುದು, ಪೆಡಲ್ ಅಥವಾ ಸ್ಟಿಯರಿಂಗ್ ನಡುಗುವುದು, ಪೆಡಲ್ ಮೆತ್ತಗೆ ಕೆಳಗಿಳಿಯುವುದು, ಇವು ಬೇರೆ ಬೇರೆ ರೋಗದ ಲಕ್ಷಣಗಳು. ಬದಿಗೆ ಎಳೆತವಿದ್ದರೆ ಒಂದು ಕ್ಯಾಲಿಪರ್ ಅಂಟಿಕೊಂಡಿರುವ ಸಂಭವ ಹೆಚ್ಚು. ನಡುಕವಿದ್ದರೆ ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿಲ್ಲ. ಪೆಡಲ್ ಮೆತ್ತಗಿದ್ದರೆ ಪೈಪಿನೊಳಗೆ ಗಾಳಿ ಸೇರಿದೆ, ಇಲ್ಲವೇ ಆಯಿಲ್ ಹಳತಾಗಿದೆ. ಬರಿಯ ಪ್ಯಾಡ್ ಬದಲಿಸಿದರೆ ಇವು ಯಾವುವೂ ಹೋಗುವುದಿಲ್ಲ.

ಸಾಮಾನು ಕೊಳ್ಳುವಾಗ

ಪ್ಯಾಡ್‌ಗಳನ್ನು ಯಾವಾಗಲೂ ಎರಡೂ ಮುಂಚಕ್ರಗಳಿಗೆ ಒಟ್ಟಿಗೇ ಬದಲಿಸಬೇಕು. ಒಂದು ಚಕ್ರಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಇದ್ದರೆ ಮಳೆಯ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಕಾರು ತಿರುಗಿಬಿಡಬಹುದು. ನಾಲ್ಕು ಪ್ಯಾಡ್‌ಗಳ ಒಂದು ಸೆಟ್ ಎಂದು ಕೇಳಿದರೆ ಅಂಗಡಿಯವರು ಕೊಡುತ್ತಾರೆ. ಒಂದೇ ಹೆಸರಿನ ಕಾರಿಗೂ ವರ್ಷದಿಂದ ವರ್ಷಕ್ಕೆ, ಪೆಟ್ರೋಲಿನಿಂದ ಡೀಸೆಲ್ಲಿಗೆ ಪ್ಯಾಡಿನ ಆಕಾರ ಬದಲಾಗಿರುತ್ತದೆ. ಆದ್ದರಿಂದ ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ತೋರಿಸಿ ತರುವುದು ಉತ್ತಮ, ಹಳೆಯ ಪ್ಯಾಡು ಕೈಯಲ್ಲಿದ್ದರೆ ಇನ್ನೂ ಉತ್ತಮ.

ಕಾರು ಕಂಪನಿಯ ಅಸಲಿ ಪ್ಯಾಡು, ಅಥವಾ ಬಾಷ್, ರಾಣೆ, ಟಿವಿಎಸ್ ಗರ್ಲಿಂಗ್‌ನಂಥ ಹೆಸರಾಂತ ತಯಾರಕರ ಪ್ಯಾಡು, ಎರಡೂ ದಿನಬಳಕೆಗೆ ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮೂರಿನ ಬಿಡಿಭಾಗದ ಅಂಗಡಿಯಲ್ಲಾಗಲಿ ಅರ್ಧ ಬೆಲೆಗೆ ಅದೇ ಹೆಸರಿನ ಪೊಟ್ಟಣ ಸಿಕ್ಕರೆ ಅನುಮಾನಿಸಬೇಕು. ಮುದ್ರಣ ಮಸುಕಾಗಿದ್ದರೆ, ಸೀಲು ಒಡೆದಿದ್ದರೆ, ಪದರದ ಅಂಚು ಪುಡಿಯಾಗಿ ಉದುರುತ್ತಿದ್ದರೆ ಬೇಡವೆಂದು ವಾಪಸು ಕೊಡಿ. ಬಿಲ್ ಇಲ್ಲದೆ ಬ್ರೇಕಿನ ಸಾಮಾನು ಕೊಳ್ಳಲೇಬೇಡಿ. ಆಸ್ಬೆಸ್ಟಾಸ್ ಇಲ್ಲದ್ದು ಎಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿಕೊಳ್ಳಿ.

ಪ್ಯಾಡಿನ ಅಂಚಿನಲ್ಲಿ ಉದ್ದನೆಯ ಸಂಕೇತವೊಂದು ಮುದ್ರಿತವಾಗಿರುತ್ತದೆ. ಅದರ ಕೊನೆಯಲ್ಲಿ ಎಫ್‌ಎಫ್, ಜಿಎಫ್ ಎಂಬಂಥ ಎರಡು ಅಕ್ಷರಗಳಿದ್ದರೆ ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಹೆಚ್ಚು ಬಿಸಿಯಲ್ಲಿ ಪ್ಯಾಡಿನ ಹಿಡಿತ ಎಷ್ಟೆಂದು ಹೇಳುತ್ತದೆ. ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿನದಾಗಿದ್ದರೆ ಬಿಸಿಯಾದಂತೆ ಹಿಡಿತ ಇಳಿಯುತ್ತದೆ ಎಂದು ತಿಳಿಯಬೇಕು. ಊರೊಳಗೆ ಓಡಾಡುವ ಕಾರಿಗೆ ಎಫ್‌ಎಫ್ ಧಾರಾಳವಾಗಿ ಸಾಕಾಗುತ್ತದೆ. ಈ ಅಕ್ಷರಗಳು ಪ್ಯಾಡಿನ ಬಾಳಿಕೆಯ ಬಗ್ಗೆಯಾಗಲಿ ಸದ್ದಿನ ಬಗ್ಗೆಯಾಗಲಿ ಏನನ್ನೂ ಹೇಳುವುದಿಲ್ಲ.

ಇದರ ಜೊತೆಗೆ ಬ್ರೇಕ್ ಕ್ಲೀನರ್ ಸ್ಪ್ರೇ ಒಂದು ಡಬ್ಬಿ ಮತ್ತು ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್ ಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸನ್ನು ಇಲ್ಲಿ ಬಳಸುವಂತಿಲ್ಲ. ಪೆಟ್ರೋಲಿಯಂ ಅಂಶವಿರುವ ಗ್ರೀಸು ತಾಗಿದರೆ ಕ್ಯಾಲಿಪರ್ ಪಿನ್ನಿನ ರಬ್ಬರ್ ಉಬ್ಬುತ್ತದೆ, ಉಬ್ಬಿದ ರಬ್ಬರಿನಲ್ಲಿ ಪಿನ್ನು ಸಿಕ್ಕಿಹಾಕಿಕೊಳ್ಳುತ್ತದೆ.

ಕಾರನ್ನು ಎತ್ತುವುದು

ಸಮತಟ್ಟಾದ, ಗಟ್ಟಿಯಾದ ನೆಲ ಬೇಕು. ಇಳಿಜಾರಿನಲ್ಲಿ, ಮಳೆಗೆ ನೆನೆದ ಮಣ್ಣಿನ ಮೇಲೆ, ಡಾಂಬರು ಬಿಸಿಲಿಗೆ ಮೆತ್ತಗಾಗಿರುವ ರಸ್ತೆಬದಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಹ್ಯಾಂಡ್ ಬ್ರೇಕ್ ಎಳೆದು, ಕಾರನ್ನು ಮೊದಲ ಗೇರಿನಲ್ಲಿಟ್ಟು, ಹಿಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಿ. ಎತ್ತಿದ ಮೇಲೆ ಬಿಗಿ ನಟ್ಟಿನ ಮೇಲೆ ಬಲ ಹಾಕಿದರೆ ಕಾರು ಜಾಕಿನಿಂದ ಜಾರುತ್ತದೆ.

ಕಾರಿನೊಂದಿಗೆ ಬರುವ ಕತ್ತರಿ ಜಾಕು ಸ್ಟೆಪ್ನಿ ಬದಲಿಸುವ ಹತ್ತು ನಿಮಿಷಕ್ಕಷ್ಟೇ ಮಾಡಿದ್ದು. ಬಾಗಿಲ ಕೆಳಗಿನ ಅಂಚಿನಲ್ಲಿ ಕಂಪನಿಯವರೇ ಗುರುತು ಹಾಕಿರುವ ಜಾಗಕ್ಕೆ ಜಾಕು ಕೊಟ್ಟು ಎತ್ತಿದ ಮೇಲೆ, ಕೈಪಿಡಿಯಲ್ಲಿ ತೋರಿಸಿದ ಗಟ್ಟಿ ಜಾಗಕ್ಕೆ ಆ್ಯಕ್ಸಲ್ ಸ್ಟ್ಯಾಂಡ್ ಇಟ್ಟು ಕಾರನ್ನು ಅದರ ಮೇಲೆ ಇಳಿಸಬೇಕು. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸವನ್ನು ಇನ್ನೊಂದು ದಿನಕ್ಕೆ ಮುಂದೂಡಿ. ಇಟ್ಟಿಗೆಯಾಗಲಿ ಸಿಮೆಂಟಿನ ಟೊಳ್ಳು ಬ್ಲಾಕಾಗಲಿ ಸ್ಟ್ಯಾಂಡಿಗೆ ಬದಲಿಯಲ್ಲ, ಅವು ಭಾರಕ್ಕೆ ಏಕಾಏಕಿ ಸಿಡಿದು ಒಡೆಯುತ್ತವೆ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಅಡ್ಡಲಾಗಿ ಮಲಗಿಸಿಡುವುದು ಒಳ್ಳೆಯ ರೂಢಿ.

ಬಿಚ್ಚುವ ಕ್ರಮ

ಒಂದು ಬದಿಯ ಕೆಲಸ ಪೂರ್ತಿ ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಹೋಗಬೇಕು. ಕ್ಲಿಪ್ಪು ಯಾವ ದಿಕ್ಕಿಗಿತ್ತು, ನಾಲಿಗೆಯಿರುವ ಪ್ಯಾಡು ಒಳಗಿತ್ತೋ ಹೊರಗಿತ್ತೋ ಎಂಬ ಗೊಂದಲ ಬಂದಾಗ ಇನ್ನೂ ಬಿಚ್ಚದ ಬದಿಯನ್ನು ನೋಡಿ ತಿಳಿದುಕೊಳ್ಳಬಹುದು. ಬಿಚ್ಚುವ ಮೊದಲೊಂದು, ಬಿಚ್ಚಿದ ಮೇಲೊಂದು ಫೋಟೊ ತೆಗೆದಿಟ್ಟುಕೊಳ್ಳಿ.

ಕ್ಯಾಲಿಪರಿನ ಹಿಂಭಾಗ ಹೊರಕ್ಕೆ ಮುಖ ಮಾಡುವ ದಿಕ್ಕಿಗೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿಕೊಳ್ಳಿ. ಅಲ್ಲಿ ನಾಲ್ಕು ಬೋಲ್ಟುಗಳು ಕಾಣುತ್ತವೆ. ಎರಡು ಸಣ್ಣವು ಕ್ಯಾಲಿಪರನ್ನು ಜಾರುವ ಪಿನ್ನುಗಳಿಗೆ ಹಿಡಿದಿರುವಂಥವು, ಎರಡು ದೊಡ್ಡವು ಪ್ಯಾಡ್‌ಗಳು ಕೂರುವ ಬ್ರ್ಯಾಕೆಟ್ಟನ್ನು, ಚಕ್ರವನ್ನು ಹೊತ್ತಿರುವ ನಕಲ್ ಎಂಬ ಲೋಹದ ಭಾಗಕ್ಕೆ ಹಿಡಿದಿರುವಂಥವು. ಪ್ಯಾಡ್ ಬದಲಿಸಲು ಸಣ್ಣವುಗಳಲ್ಲಿ ಕೆಳಗಿನದನ್ನು ಬಿಚ್ಚಿದರೆ ಸಾಕು, ಕ್ಯಾಲಿಪರು ಮೇಲಿನ ಪಿನ್ನಿನ ಮೇಲೆ ಕೀಲಿನಂತೆ ಮೇಲಕ್ಕೆ ತಿರುಗುತ್ತದೆ. ಆದರೆ ಮುಂದೆ ಹೇಳುವ ಶುಚಿ ಕೆಲಸಕ್ಕಾಗಿ ಎರಡನ್ನೂ ಬಿಚ್ಚಿ ಕ್ಯಾಲಿಪರನ್ನು ಪೂರ್ತಿ ತೆಗೆಯುವುದೇ ಸರಿ ಎಂದು ನನ್ನ ಅಭಿಪ್ರಾಯ. ಬೋಲ್ಟಿನ ಜೊತೆ ಪಿನ್ನೂ ಸುತ್ತುತ್ತಿದ್ದರೆ ಪಿನ್ನಿನ ಚಪ್ಪಟೆ ಮುಖಕ್ಕೆ ತೆಳುವಾದ ಸ್ಪ್ಯಾನರ್ ಕೊಟ್ಟು ಹಿಡಿದುಕೊಳ್ಳಬೇಕು.

ತೆಗೆದ ಕ್ಯಾಲಿಪರನ್ನು ಬ್ರೇಕ್ ಪೈಪಿನಿಂದ ನೇತಾಡಲು ಬಿಡಬಾರದು. ಪೈಪಿನ ಒಳಪದರ ಹರಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಒಂದು ತಂತಿಯನ್ನು ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ ಕ್ಯಾಲಿಪರನ್ನು ಅದಕ್ಕೆ ತೂಗುಹಾಕಿ. ಕ್ಯಾಲಿಪರ್ ಹೊರಗಿರುವಷ್ಟು ಹೊತ್ತೂ ಯಾರೂ ಬ್ರೇಕ್ ಪೆಡಲ್ ಮುಟ್ಟದಂತೆ ನೋಡಿಕೊಳ್ಳಬೇಕು. ಮಕ್ಕಳು ಕಾರಿನೊಳಗೆ ಕೂತು ಆಡುವ ಮನೆಗಳಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ, ಏಕೆಂದರೆ ಎರಡು ಬಾರಿ ಪೆಡಲ್ ಒತ್ತಿದರೆ ಪಿಸ್ಟನ್ನೇ ಹೊರಗೆ ಬಂದುಬಿಡಬಹುದು.

ಬ್ರೇಕಿನ ಕಪ್ಪು ದೂಳನ್ನು ಬಾಯಿಂದ ಊದುವುದಾಗಲಿ ಗಾಳಿಯ ಪೈಪ್ ಹಿಡಿದು ಹಾರಿಸುವುದಾಗಲಿ ಕೂಡದು. ಮಾಸ್ಕ್ ಕಟ್ಟಿಕೊಂಡು, ಕೆಳಗೊಂದು ತಟ್ಟೆಯಿಟ್ಟು, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿಕೊಂಡು ಒರೆಸಿ ತೆಗೆಯಿರಿ.

ಹಳೆಯ ಪ್ಯಾಡು ಹೇಳುವ ವಿಷಯ

ತೆಗೆದ ಎರಡು ಪ್ಯಾಡ್‌ಗಳನ್ನು ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದು ನೋಡಿ. ಒಳಗಿನದು, ಅಂದರೆ ಪಿಸ್ಟನ್ ಬದಿಯದು, ಪೂರ್ತಿ ಸವೆದು ಹೊರಗಿನದು ಅರ್ಧ ಉಳಿದಿದ್ದರೆ ಕ್ಯಾಲಿಪರು ಪಿನ್ನಿನ ಮೇಲೆ ಜಾರುತ್ತಿಲ್ಲ. ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ ಬದಿಗಿರುತ್ತದೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಕ್ಯಾಲಿಪರಿನ ದೇಹವೇ ಹಿಮ್ಮುಖವಾಗಿ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳಬೇಕು. ಜಾರದಿದ್ದರೆ ಇಡೀ ಚಕ್ರದ ಬ್ರೇಕನ್ನು ಒಂದೇ ಪ್ಯಾಡು ಹೊರುತ್ತದೆ. ಒಂದೇ ಪ್ಯಾಡು ಮೇಲ್ತುದಿಯಲ್ಲಿ ದಪ್ಪ, ಕೆಳತುದಿಯಲ್ಲಿ ತೆಳುವಾಗಿ ಓರೆಯಾಗಿ ಸವೆದಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದುಕೊಂಡಿದೆ, ಇಲ್ಲವೇ ಪ್ಯಾಡಿನ ಕಿವಿ, ಅಂದರೆ ಅದರ ತುದಿಯಲ್ಲಿ ಚಾಚಿಕೊಂಡಿರುವ ಭಾಗ, ಬ್ರ್ಯಾಕೆಟ್ಟಿನಲ್ಲಿ ಸಿಕ್ಕಿಕೊಂಡಿದೆ. ಪದರದ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಅತಿಯಾಗಿ ಕಾದಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ಪಿಸ್ಟನ್ನಿನ ಸೀಲು ಸೋರುತ್ತಿದೆ. ಅದಕ್ಕೆ ಕ್ಯಾಲಿಪರ್ ರಿಪೇರಿ ಆಗಲೇಬೇಕು.

ಡಿಸ್ಕನ್ನೂ ಇದೇ ಹೊತ್ತಿಗೆ ಪರೀಕ್ಷಿಸಿ. ಅದರ ಅಂಚಿನಲ್ಲೋ ಮಧ್ಯದ ಟೋಪಿಯ ಮೇಲೋ ಕನಿಷ್ಠ ದಪ್ಪ ಇಷ್ಟು ಎಂದು ಅಂಕಿಯನ್ನು ಅಚ್ಚೊತ್ತಿರುತ್ತಾರೆ. ನಡುವೆ ಗಾಳಿಯಾಡಲು ಸಂದಿಗಳಿರುವ ಡಿಸ್ಕುಗಳಲ್ಲಿ ಇದು ಸಾಮಾನ್ಯವಾಗಿ ಹೊಸದರ ದಪ್ಪಕ್ಕಿಂತ ಸುಮಾರು 2 ಮಿ.ಮೀ. ಕಡಿಮೆ. ಅಂಚಿನಲ್ಲಿ ಸವೆಯದೆ ಉಳಿದ ಏಣು ಇರುವುದರಿಂದ ವರ್ನಿಯರ್ ಕ್ಯಾಲಿಪರಿನಿಂದ ಅಳೆದರೆ ತಪ್ಪು ಲೆಕ್ಕ ಬರುತ್ತದೆ. ಮೈಕ್ರೊಮೀಟರ್ ಸಿಕ್ಕರೆ ಸುತ್ತಲೂ ಏಳೆಂಟು ಕಡೆ ಅಳೆಯಬೇಕು. ಉಗುರಿಗೆ ಸಿಕ್ಕುವಷ್ಟು ಆಳದ ಗೆರೆಗಳಿದ್ದರೆ, ಮಧ್ಯದಿಂದ ಅಂಚಿನವರೆಗೆ ಬಿರುಕಿದ್ದರೆ, ನೀಲಿ ಬಣ್ಣದ ಮಚ್ಚೆಗಳಿದ್ದರೆ ಡಿಸ್ಕನ್ನು ಬದಲಿಸಿ. ಲೇತಿಗೆ ಕೊಟ್ಟು ಹೊಡೆಸಿದರೆ ಹಣ ಉಳಿಯುತ್ತದೆಂಬ ಮಾತಿದೆ, ಆದರೆ ಸಣ್ಣ ಕಾರಿನ ಡಿಸ್ಕಿನಲ್ಲಿ ಮೊದಲೇ ದಪ್ಪ ಕಡಿಮೆ. ಹೊಡೆಸಿದ ಮೇಲೆ ಕನಿಷ್ಠ ಅಂಕಿಗಿಂತ ಕೆಳಗಿಳಿಯುವ ಡಿಸ್ಕು ಕೆಲಸಕ್ಕೆ ಬಾರದು.

ಡಿಸ್ಕ್ ಬದಲಿಸುವುದಾದರೆ ಬ್ರ್ಯಾಕೆಟ್ಟಿನ ಎರಡು ದೊಡ್ಡ ಬೋಲ್ಟುಗಳನ್ನೂ ಬಿಚ್ಚಬೇಕು. ಡಿಸ್ಕು ತುಕ್ಕು ಹಿಡಿದು ಹಬ್ಬಿಗೆ (ಡಿಸ್ಕೂ ಚಕ್ರವೂ ಕೂರುವ ನಡುಭಾಗ) ಅಂಟಿಕೊಂಡಿದ್ದರೆ ಸುತ್ತಿಗೆಯಿಂದ ಬಡಿಯುವ ಬದಲು ಡಿಸ್ಕಿನ ಟೋಪಿಯಲ್ಲಿರುವ ಎರಡು ಥ್ರೆಡ್ ಇರುವ ತೂತುಗಳಿಗೆ ಸರಿಹೊಂದುವ ಬೋಲ್ಟ್ ಹಾಕಿ ಸಮನಾಗಿ ತಿರುಗಿಸಿದರೆ ಡಿಸ್ಕು ತಾನಾಗಿ ಮೇಲೇಳುತ್ತದೆ. ಆಮೇಲೆ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಬೇಕು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಕಾರುಗಳಲ್ಲಿ ಇದು ವಿಶೇಷವಾಗಿ ಮುಖ್ಯ. ಹಬ್ಬಿನ ಮೇಲೆ ತುಕ್ಕಿನ ಒಂದು ತೆಳು ಪೊರೆ ಉಳಿದರೂ ಹೊಸ ಡಿಸ್ಕು ಓರೆಯಾಗಿ ಕೂತು ತೊನೆಯುತ್ತದೆ. ಆ ತೊನೆತ 0.1 ಮಿ.ಮೀ. ಮೀರಿದರೆ ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಪೆಡಲ್ ನಡುಗಲು ಶುರುವಾಗುತ್ತದೆ. ಹೊಸ ಡಿಸ್ಕಿಗೆ ಸವರಿರುವ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಎರಡೂ ಮುಖಗಳಲ್ಲಿ ಪೂರ್ತಿ ತೊಳೆದ ನಂತರವೇ ಕೂರಿಸಿ. ಹಳೆಯ ಪ್ಯಾಡನ್ನು ಹೊಸ ಡಿಸ್ಕಿಗೆ ಹಾಕಬೇಡಿ.

ಪಿನ್ನು ಮತ್ತು ಪ್ಯಾಡಿನ ಗೂಡು

ಎರಡು ಪಿನ್ನುಗಳನ್ನೂ ರಬ್ಬರ್ ತೋಳಿನಿಂದ ನಿಧಾನವಾಗಿ ಎಳೆದು ತೆಗೆಯಿರಿ. ಯಾವುದು ಮೇಲಿನದು, ಯಾವುದು ಕೆಳಗಿನದು ಎಂದು ಗುರುತಿಟ್ಟುಕೊಳ್ಳಬೇಕು, ಏಕೆಂದರೆ ಹಲವು ಕಾರುಗಳಲ್ಲಿ ಒಂದರ ತುದಿಗೆ ರಬ್ಬರ್ ಬುಷ್ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ವರ್ಷಗಳಿಂದ ಮುಟ್ಟದ ಪಿನ್ನಿನ ಮೇಲೆ ಹಳೆಯ ಗ್ರೀಸು ಕಪ್ಪು ಅಂಟಾಗಿ ಒಣಗಿರುತ್ತದೆ. ನೀರು ಒಳಹೋಗಿದ್ದರೆ ಕೆಂದು ಬಣ್ಣದ ತುಕ್ಕಿನ ಪಟ್ಟಿ ಕಾಣುತ್ತದೆ. ಅಂಟನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಬನಿಯನ್ ವೇಸ್ಟಿನಿಂದ ಒರೆಸಿ, ಪಿನ್ನು ಕೂರುವ ತೂತಿನೊಳಗೂ ಬಟ್ಟೆ ಸುತ್ತಿದ ಕಡ್ಡಿ ಆಡಿಸಿ ಹಳೆಯ ಗ್ರೀಸನ್ನೆಲ್ಲ ಹೊರತೆಗೆಯಿರಿ. ಪಿನ್ನಿನ ಮೇಲೆ ಕೈಗೆ ಸಿಕ್ಕುವಂಥ ತುಕ್ಕಿನ ಗುಳಿ ಇದ್ದರೆ ಮರಳು ಕಾಗದದಿಂದ ಉಜ್ಜಿ ಬಳಸುವ ಬದಲು ಹೊಸ ಪಿನ್ ಕಿಟ್ ಹಾಕುವುದು ಲೇಸು. ಲೇಪನ ಹೋದ ಪಿನ್ನು ಬೇಗ ಮತ್ತೆ ತುಕ್ಕು ಹಿಡಿಯುತ್ತದೆ. ರಬ್ಬರ್ ತೋಳು ಹರಿದಿದ್ದರೂ ಅಷ್ಟೇ.

ಪಿನ್ನಿನ ಉದ್ದಕ್ಕೂ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ ಒಳಗೆ ತಳ್ಳಿ, ಮೂರು ನಾಲ್ಕು ಬಾರಿ ಹಿಂದೆ ಮುಂದೆ ಆಡಿಸಿ. ಬೆರಳಿನ ಒತ್ತಡಕ್ಕೇ ನುಣುಪಾಗಿ ಜಾರಬೇಕು. ಗ್ರೀಸನ್ನು ತೂತಿಗೆ ತುಂಬಬಾರದು, ಹೆಚ್ಚಾದರೆ ಒಳಗಿನ ಗಾಳಿಗೆ ಜಾಗವಿಲ್ಲದೆ ಪಿನ್ನು ಹೊರಕ್ಕೆ ಪುಟಿಯುತ್ತದೆ. ರಬ್ಬರ್ ತೋಳಿನ ತುಟಿ ಪಿನ್ನಿನ ತೋಡಿನಲ್ಲಿ ಸುತ್ತಲೂ ಕೂತಿದೆಯೇ ಎಂದು ಉಗುರಾಡಿಸಿ ನೋಡಿಕೊಳ್ಳಿ.

ಇನ್ನು ಬ್ರ್ಯಾಕೆಟ್ಟಿನಲ್ಲಿ ಪ್ಯಾಡಿನ ಕಿವಿಗಳು ಕೂರುವ ಗೂಡುಗಳು. ಅಲ್ಲಿರುವ ತೆಳ್ಳಗಿನ ಉಕ್ಕಿನ ಕ್ಲಿಪ್ಪುಗಳನ್ನು ಕಿತ್ತು ನೋಡಿದರೆ ಅವುಗಳ ಕೆಳಗೆ ತುಕ್ಕು ಹಕ್ಕಳೆಯಾಗಿ ಬೆಳೆದಿರುತ್ತದೆ. ಆ ಹಕ್ಕಳೆ ಕ್ಲಿಪ್ಪನ್ನು ಮೇಲೆತ್ತುತ್ತದೆ, ಕ್ಲಿಪ್ಪು ಪ್ಯಾಡಿನ ಕಿವಿಯನ್ನು ಬಿಗಿಹಿಡಿಯುತ್ತದೆ, ಬ್ರೇಕ್ ಬಿಟ್ಟ ಮೇಲೂ ಪ್ಯಾಡು ಡಿಸ್ಕಿಗೆ ಸವರುತ್ತಲೇ ಇರುತ್ತದೆ. ಮೈಲೇಜು ಇಳಿದಿದೆ, ಚಕ್ರದ ರಿಮ್ಮು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ ಎಂಬ ದೂರಿಗೆ ಬಹಳ ಸಲ ಇದೇ ಮೂಲ. ಚಪ್ಪಟೆ ಅರ ಮತ್ತು ತಂತಿ ಬ್ರಷ್ಷಿನಿಂದ ತುಕ್ಕನ್ನಷ್ಟೇ ತೆಗೆಯಿರಿ, ಲೋಹವನ್ನು ಅರೆಯಬೇಡಿ. ಪ್ಯಾಡಿನ ಜೊತೆ ಹೊಸ ಕ್ಲಿಪ್ಪು ಬಂದಿದ್ದರೆ ಅದನ್ನೇ ಹಾಕಿ, ಹೊಸ ಪ್ಯಾಡನ್ನು ಗೂಡಿನಲ್ಲಿ ಕೈಯಿಂದಲೇ ಜಾರಿಸಿ ನೋಡಿ. ಸುತ್ತಿಗೆ ಬೇಕೆನಿಸಿದರೆ ಶುಚಿ ಇನ್ನೂ ಮುಗಿದಿಲ್ಲ, ಅಥವಾ ಪ್ಯಾಡಿನ ಕಿವಿಯ ಮೇಲೆ ಪೇಂಟು ದಪ್ಪವಾಗಿ ಕೂತಿದೆ. ಕಿವಿಗಳಿಗೂ, ಪ್ಯಾಡಿನ ಬೆನ್ನಿಗೆ ಪಿಸ್ಟನ್ ತಾಗುವ ಜಾಗಕ್ಕೂ ಗ್ರೀಸಿನ ತೆಳು ಲೇಪ ಸಾಕು. ಘರ್ಷಣೆಯ ಪದರಕ್ಕಾಗಲಿ ಡಿಸ್ಕಿಗಾಗಲಿ ಗ್ರೀಸಿನ ಬೆರಳು ತಾಗಿದರೆ ಕೂಡಲೇ ಬ್ರೇಕ್ ಕ್ಲೀನರಿನಿಂದ ತೊಳೆಯಿರಿ.

ಪಿಸ್ಟನ್ ಒಳತಳ್ಳಿ ಜೋಡಿಸುವುದು

ಹೊಸ ಪ್ಯಾಡು ದಪ್ಪವಿರುವುದರಿಂದ ಪಿಸ್ಟನ್ನನ್ನು ಪೂರ್ತಿ ಒಳಗೆ ತಳ್ಳದೆ ಕ್ಯಾಲಿಪರು ಕೂರುವುದಿಲ್ಲ. ಮೊದಲು ಪಿಸ್ಟನ್ನಿನ ಸುತ್ತಲಿನ ರಬ್ಬರನ್ನು ಒರೆಸಿ, ಡಬ್ಬಿಯ ಮುಚ್ಚಳ ತೆರೆದು ಸುತ್ತ ಬಟ್ಟೆ ಸುತ್ತಿ, ಆಯಿಲ್ ಮಟ್ಟ ಮೇಲಿನ ಗೆರೆಯ ಹತ್ತಿರವಿದ್ದರೆ ಶುದ್ಧವಾದ ಸಿರಿಂಜಿನಿಂದ ಸ್ವಲ್ಪ ತೆಗೆದಿಡಿ. ಹಳೆಯ ಪ್ಯಾಡನ್ನು ಪಿಸ್ಟನ್ನಿಗೆ ಅಡ್ಡ ಕೊಟ್ಟು ಸಿ-ಕ್ಲಾಂಪಿನಿಂದ ಬಹಳ ನಿಧಾನವಾಗಿ ತಿರುಗಿಸಿದರೆ ಪಿಸ್ಟನ್ ನೇರವಾಗಿ ಒಳಸರಿಯುತ್ತದೆ. ಓರೆಯಾಗಿ ಹೋಗುತ್ತಿದ್ದರೆ ನಿಲ್ಲಿಸಿ ಸರಿಪಡಿಸಿಕೊಳ್ಳಬೇಕು. ಆಯಿಲ್ ಕಪ್ಪಗಿದ್ದರೆ, ಕೊಳೆಯನ್ನು ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸುತ್ತುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಘಟಕದ ಕಡೆಗೆ ಹಿಂದಕ್ಕೆ ತಳ್ಳುವ ಬದಲು ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ಲಿಗೆ ಪೈಪು ಸಿಕ್ಕಿಸಿ, ನಿಪ್ಪಲ್ ಸಡಿಲಿಸಿ, ಆ ಆಯಿಲನ್ನು ಬಾಟಲಿಗೆ ಬಿಡುತ್ತಾ ಪಿಸ್ಟನ್ ತಳ್ಳಿ, ಕ್ಲಾಂಪ್ ಬಿಡುವ ಮೊದಲೇ ನಿಪ್ಪಲ್ ಬಿಗಿ ಮಾಡುವುದು ಉತ್ತಮ. ಚೆಲ್ಲಿದ ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು.

ಹಿಂದೆಯೂ ಡಿಸ್ಕ್ ಬ್ರೇಕ್ ಇರುವ ದೊಡ್ಡ ಕಾರುಗಳ ಹಿಂದಿನ ಪಿಸ್ಟನ್ನನ್ನು ಹೀಗೆ ಒತ್ತಬಾರದು. ಹ್ಯಾಂಡ್ ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಪಿಸ್ಟನ್ನನ್ನು ವಿಶೇಷ ಉಪಕರಣದಿಂದ ತಿರುಗಿಸುತ್ತಾ ಒಳತಳ್ಳಬೇಕು. ಗುಂಡಿ ಒತ್ತಿ ಹಾಕುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಆಗಿದ್ದರೆ ಮೊದಲು ಅದನ್ನು ಸರ್ವಿಸ್ ಮೋಡ್‌ಗೆ, ಅಂದರೆ ಅದರ ಮೋಟರು ಪಿಸ್ಟನ್ನನ್ನು ಬಿಟ್ಟುಕೊಡುವ ಸ್ಥಿತಿಗೆ ತರಬೇಕು. ಹಾಗೆ ಮಾಡದೆ ಒತ್ತಿದರೆ ಆ ಮೋಟರ್ ಹಾಳಾಗಬಹುದು.

ಪ್ಯಾಡ್‌ಗಳನ್ನು ಕೂರಿಸಿ, ಸದ್ದಿನ ನಾಲಿಗೆ ಮೊದಲಿದ್ದ ಜಾಗದಲ್ಲೇ ಇದೆಯೇ ಎಂದು ಫೋಟೊ ನೋಡಿ ಖಾತ್ರಿಪಡಿಸಿಕೊಂಡು, ಬ್ರೇಕ್ ಪೈಪು ತಿರುಚಿಕೊಂಡಿಲ್ಲವೆಂದು ಗಮನಿಸಿ ಕ್ಯಾಲಿಪರನ್ನು ಜೋಡಿಸಿ. ಪಿನ್ನಿನ ಬೋಲ್ಟುಗಳಿಗೆ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 25ರಿಂದ 35 ನ್ಯೂಟನ್-ಮೀಟರ್, ಬ್ರ್ಯಾಕೆಟ್ ಬೋಲ್ಟುಗಳಿಗೆ 80ರಿಂದ 110, ಚಕ್ರದ ನಟ್ಟುಗಳಿಗೆ 85ರಿಂದ 110ರಷ್ಟು ಬಿಗಿತ ಇರುತ್ತದೆ. ಆದರೆ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯೇ ಅಂತಿಮ, ಬಿಗಿತವನ್ನು ಅಳೆಯುವ ಟಾರ್ಕ್ ರೆಂಚಿಲ್ಲದೆ ಈ ಬೋಲ್ಟುಗಳನ್ನು ಬಿಗಿಯುವುದನ್ನು ನಾನು ಒಪ್ಪುವುದಿಲ್ಲ. ಚಕ್ರದ ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ ಕೈಯಿಂದ ಕೂರಿಸಿ, ಕಾರನ್ನು ನೆಲಕ್ಕಿಳಿಸಿದ ಮೇಲೆ ಪೂರ್ತಿ ಬಿಗಿ ಮಾಡಬೇಕು.

ಪೆಡಲ್ ಮತ್ತು ಮೊದಲ ಓಟ

ಎರಡೂ ಬದಿ ಮುಗಿದ ಕೂಡಲೇ, ಎಂಜಿನ್ ಚಾಲೂ ಮಾಡುವ ಮೊದಲು, ಬ್ರೇಕ್ ಪೆಡಲನ್ನು ಮೆಲ್ಲಗೆ ಹಲವು ಬಾರಿ ಒತ್ತಿ ಬಿಡಿ. ಮೊದಲ ಒತ್ತಿಗೆ ಪೆಡಲ್ ನೆಲ ಮುಟ್ಟುತ್ತದೆ, ಏಕೆಂದರೆ ಒಳತಳ್ಳಿದ ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಅಂತರವಿದೆ. ಪ್ರತಿ ಒತ್ತಿಗೂ ಪಿಸ್ಟನ್ ಸ್ವಲ್ಪ ಸ್ವಲ್ಪ ಮುಂದೆ ಬಂದು ಕೊನೆಗೆ ಪೆಡಲ್ ಗಟ್ಟಿಯಾಗುತ್ತದೆ. ಇದನ್ನು ಮರೆತು ಕಾರನ್ನು ಹಿಂದಕ್ಕೆ ತೆಗೆದವರು ಗೋಡೆಗೋ ಗೇಟಿಗೋ ಗುದ್ದಿದ ಪ್ರಸಂಗಗಳು ಕಡಿಮೆಯಿಲ್ಲ. ಪೆಡಲ್ ಗಟ್ಟಿಯಾದ ಮೇಲೆ ಡಬ್ಬಿಯ ಮಟ್ಟವನ್ನು ಎರಡು ಗೆರೆಗಳ ನಡುವೆ ತಂದು ಮುಚ್ಚಳ ಹಾಕಿ. ಎಂಜಿನ್ ಚಾಲೂ ಮಾಡಿ ಮತ್ತೊಮ್ಮೆ ಒತ್ತಿ ಹಿಡಿದಾಗ ಪೆಡಲ್ ಸ್ವಲ್ಪ ಇಳಿದು ಅಲ್ಲೇ ನಿಲ್ಲಬೇಕು. ಇಳಿಯುತ್ತಲೇ ಹೋದರೆ ಕಾರನ್ನು ಅಲುಗಿಸಬೇಡಿ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಕಡಿಮೆಯೇ. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ ಮನುಷ್ಯ ನಡೆಯುವ ವೇಗಕ್ಕೆ ಹಿತವಾಗಿ ಇಳಿಸಿ, ನಡುವೆ ಅರ್ಧ ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಟ್ಟು, ಹೀಗೆ ಇಪ್ಪತ್ತು ಮೂವತ್ತು ಬಾರಿ ಮಾಡಬೇಕು. ಈ ಅವಧಿಯಲ್ಲಿ ಬಿಸಿ ಡಿಸ್ಕಿಗೆ ಪ್ಯಾಡನ್ನು ಒತ್ತಿ ಹಿಡಿದು ಪೂರ್ತಿ ನಿಲ್ಲಬಾರದು, ಪ್ಯಾಡಿನ ಪದರ ಒಂದೇ ಜಾಗಕ್ಕೆ ಅಂಟಿ ಮುಂದೆ ನಡುಕ ಬರುತ್ತದೆ. ಮೊದಲ ಮುನ್ನೂರು ಕಿಲೋಮೀಟರ್ ತುಂಬು ಭಾರದ ಘಟ್ಟ ಪ್ರಯಾಣ ಇಟ್ಟುಕೊಳ್ಳಬೇಡಿ.

ಬ್ರೇಕ್ ಆಯಿಲ್

ಬ್ರೇಕ್ ಆಯಿಲ್ ಗಾಳಿಯಿಂದ ತೇವವನ್ನು ಹೀರುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 3 ಗುಣಮಟ್ಟದ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಜನ, ಸಾಮಾನು ಸೇರಿ ಒಂದು ಸಾವಿರ ಕೆ.ಜಿ. ತೂಗುವ ಕಾರು ಘಟ್ಟದಲ್ಲಿ ಐದುನೂರು ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿದೆ. ಆಗುಂಬೆಯ ಹೇರ್‌ಪಿನ್ ತಿರುವುಗಳಲ್ಲೋ ಚಾರ್ಮಾಡಿಯಲ್ಲೋ ಗೇರ್ ಇಳಿಸದೆ ಬ್ರೇಕ್ ಒಂದನ್ನೇ ನೆಚ್ಚಿಕೊಂಡು ಇಳಿದರೆ ಅದರ ಬಹುಪಾಲು ಡಿಸ್ಕಿಗೂ ಡ್ರಮ್ಮಿಗೂ ಹೋಗುತ್ತದೆ. ಹಳೆಯ ಆಯಿಲ್ ಕ್ಯಾಲಿಪರಿನೊಳಗೆ ಕುದಿದು ಆವಿಯಾದರೆ ಆವಿ ಒತ್ತಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ಕರಾವಳಿ ಮಲೆನಾಡಿನವರು ಮಳೆಗಾಲಕ್ಕೆ ಮುಂಚೆ ಮಾಡಿಸಿಕೊಂಡರೆ ಒಳ್ಳೆಯದು.

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಗುಣಮಟ್ಟದ್ದನ್ನೇ, ಸೀಲು ಒಡೆಯದ ಡಬ್ಬಿಯಿಂದ ಬಳಸಿ. ಡಾಟ್ 3 ಇರುವಲ್ಲಿ ಡಾಟ್ 4 ಹಾಕಬಹುದು, ಆದರೆ ಸಿಲಿಕೋನಿನ ಡಾಟ್ 5 ಬೇರೆಯೇ ವಸ್ತು, ಅದನ್ನು ಬೆರೆಸಕೂಡದು. ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಪೆಡಲ್ ಬಿಡುವ ಮೊದಲೇ ಬಿಗಿಯಬೇಕು. ಪೈಪಿನ ತುದಿ ಬಾಟಲಿಯ ಆಯಿಲ್ಲಿನಲ್ಲಿ ಮುಳುಗಿರಲಿ, ಗುಳ್ಳೆ ಬರುವುದು ನಿಂತು ತಿಳಿಯಾದ ಆಯಿಲ್ ಬರುವವರೆಗೆ ಮುಂದುವರಿಸಿ, ಡಬ್ಬಿ ಖಾಲಿಯಾಗಲು ಒಮ್ಮೆಯೂ ಬಿಡಬೇಡಿ. ಯಾವ ಚಕ್ರ ಮೊದಲು ಎಂಬುದು ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ನೋಡಿ. ಎಬಿಎಸ್ ಘಟಕದೊಳಗೇ ಗಾಳಿ ಹೋಗಿದ್ದರೆ ಹೀಗೆ ತೆಗೆಯಲಾಗದು, ಸ್ಕ್ಯಾನರ್ ಇರುವ ವರ್ಕ್‌ಶಾಪಿಗೇ ಹೋಗಬೇಕು.

ಇನ್ನೂ ಉತ್ತಮ ಬ್ರೇಕ್ ಬೇಕೆನ್ನುವವರಿಗೆ

ತೂತು ಕೊರೆದ ಡಿಸ್ಕು, ಕೆಂಪು ಬಣ್ಣದ ಕ್ಯಾಲಿಪರು ಕಣ್ಣಿಗೆ ಚೆನ್ನ, ಆದರೆ ದಿನಬಳಕೆಯ ಕಾರು ಅವುಗಳಿಂದ ಬೇಗ ನಿಲ್ಲುವುದಿಲ್ಲ. ಎಬಿಎಸ್ ಕೆಲಸ ಮಾಡುವಷ್ಟು ಜೋರಾಗಿ ಬ್ರೇಕ್ ಒತ್ತಬಲ್ಲಿರಾದರೆ ನಿಮ್ಮ ಬ್ರೇಕಿನ ಬಲ ಆಗಲೇ ಟೈರಿನ ಹಿಡಿತವನ್ನು ಮೀರಿದೆ. ಅಂಥಲ್ಲಿ ನಿಲ್ಲುವ ದೂರ ಕಡಿಮೆಯಾಗಬೇಕಾದರೆ ಹಣವನ್ನು ಟೈರಿನ ಮೇಲೆ ಹಾಕಬೇಕು. ಬಿಸಿಯಾದಾಗ ಹಿಡಿತ ತಪ್ಪುವುದು ನಿಮ್ಮ ದೂರಾಗಿದ್ದರೆ ಎರಡನೆಯ ಅಕ್ಷರ ಉತ್ತಮವಿರುವ ಪ್ಯಾಡು ಮತ್ತು ಹೊಸ ಡಾಟ್ 4 ಆಯಿಲ್ ಎರಡೂ ಸೇರಿ ಕಡಿಮೆ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ತರುತ್ತವೆ. ರೇಸಿಗೆಂದು ಮಾಡಿದ ಪ್ಯಾಡು ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ, ಬೆಳಗಿನ ಮೊದಲ ಸಿಗ್ನಲ್ಲಿನಲ್ಲೇ ಅಪಾಯ. ದೊಡ್ಡ ಡಿಸ್ಕು ಮತ್ತು ಬೇರೆ ಕ್ಯಾಲಿಪರು ಹಾಕಿದರೆ ಹಿಂದು ಮುಂದಿನ ಬ್ರೇಕಿನ ಸಮತೋಲನವೂ ಎಬಿಎಸ್ ಲೆಕ್ಕವೂ ಕೆಡುತ್ತದೆ, ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು. ಆ ದಾರಿ ಬೇಡ.

ಹಿಂದಿನ ಡ್ರಮ್ಮಿನ ಶೂಗಳು (ಡ್ರಮ್ಮಿನ ಒಳಮೈಗೆ ಒತ್ತುವ ಬಾಗಿದ ಪಟ್ಟಿಗಳು) ಬಹಳ ಕಾಲ ಬಾಳುತ್ತವೆಯಾದರೂ ಮುಂದಿನ ಪ್ಯಾಡನ್ನು ಎರಡು ಸಲ ಬದಲಿಸುವಷ್ಟರಲ್ಲಿ ಒಮ್ಮೆಯಾದರೂ ಡ್ರಮ್ ತೆಗೆದು ದೂಳು ಒರೆಸಿ, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿಲ್ಲವೆಂದು ನೋಡಬೇಕು. ಹ್ಯಾಂಡ್ ಬ್ರೇಕನ್ನು ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಹಲ್ಲು ಎಳೆಯಬೇಕಾಗುತ್ತಿದ್ದರೆ ಮೊದಲು ಶೂಗಳ ಅಂತರ ಸರಿಪಡಿಸಿ, ಕೇಬಲ್ ಬಿಗಿಯುವುದು ಆಮೇಲೆ.

ಪ್ಯಾಡ್ ಹಾಕಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಚಕ್ರದ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ನೋಡಿ, ಆಯಿಲ್ ಮಟ್ಟ ಇಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಬ್ರೇಕ್ ಹೆಚ್ಚು ಬಳಸದ ಓಟದ ನಂತರ ನಾಲ್ಕೂ ರಿಮ್ಮುಗಳ ಹತ್ತಿರ ಕೈ ಹಿಡಿದು ಬಿಸಿಯನ್ನು ಹೋಲಿಸಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಕಾದಿದ್ದರೆ ಆ ಬದಿಯ ಪಿನ್ನುಗಳನ್ನು ಮತ್ತೆ ಬಿಚ್ಚಿ ನೋಡಬೇಕು. ಪಿನ್ನು ಸಲೀಸಾಗಿದ್ದರೂ ಬಿಸಿ ಉಳಿದರೆ ಪಿಸ್ಟನ್ ಅಥವಾ ಬ್ರೇಕ್ ಪೈಪಿನ ದೋಷವಿದೆ, ಅದನ್ನು ನುರಿತ ಮೆಕ್ಯಾನಿಕ್ಕಿಗೆ ತೋರಿಸಿ.